ಹೌದು ಕಣೇ, ಡಿಗ್ರಿಯಲ್ಲೂ ಹೀ, ಶೀ, ಇಟ್ ಓದುತ್ತಿದ್ದೇನೆ

ಒಂದನೇ ಕ್ಲಾಸಿಂದ ಇಂಗ್ಲಿಷ್ ಇತ್ತಲ್ವಾ, ಡಿಗ್ರಿಗೆ ಬಂದ್ರೂ ಇನ್ನೂ ಹೀ, ಶೀ, ಇಟ್ ಅಂತ ಕೂತಿದ್ದೀಯಾ ಅಂತ ಕೇಳಿದ್ದೀಯ. ಪಕ್ಕದಲ್ಲಿ ಒಂದು ನಗುವ ಮುಖ ಬೇರೆ. ಬೆಂಗಳೂರಲ್ಲಿ ಕೂತವರಿಗೆ ಹಾಗನ್ನಿಸುವುದು ಸಹಜ. ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಂಗ್ಲಿಷ್ ಇತ್ತು, ಇಲ್ಲ ಅನ್ನಲ್ಲ. ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007ರಲ್ಲಿ, ನಾವು ಶಾಲೆ ಮೆಟ್ಟಿಲು ಹತ್ತುವ ಮುಂಚೆಯೇ. ಆದರೆ ಆಂಧ್ರದ ಗಡಿಗಂಟಿದ ಮೊಳಕಾಲ್ಮೂರು ಕಡೆಯ ನಮ್ಮೂರಲ್ಲಿ ಒಂದು, ಎರಡು, ಮೂರನೇ ತರಗತಿ ಅಂದರೆ ನಲಿ-ಕಲಿ, ಮೂರಕ್ಕೂ ಸೇರಿ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಪಾಪ ಅವರಿಗೆ ಕನ್ನಡ ಕಲಿಸುವುದರಲ್ಲೇ ಸಾಕಾಗುತ್ತಿತ್ತು. ಯಾಕಂದರೆ ಮುಂದೆ ಕೂತ ಅರ್ಧ ಮಕ್ಕಳು ಮನೆಯಿಂದ ತೆಲುಗು ಮಾತಾಡಿಕೊಂಡು ಬಂದವರು. ಇಂಗ್ಲಿಷಿನ ಸರದಿ ಬರುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯುತ್ತಿತ್ತು. ಆಮೇಲೆ ಹೈಸ್ಕೂಲಲ್ಲಿ ಪದ್ಯ ಬಾಯಿಪಾಠ, ಪತ್ರ ಬಾಯಿಪಾಠ, ಪ್ರಬಂಧ ಬಾಯಿಪಾಠ. ಪಾಸಾದೆವು. ಪಿಯುಸಿಯೂ ಅದೇ ಕಥೆ. ಈಗ ಬಿಎಯಲ್ಲಿ ಪುಸ್ತಕ ತೆರೆದರೆ ಮತ್ತೆ ಮೊದಲಿಂದ ಶುರು. ನಿನ್ನ ಪರಿಚಯ ಬರಿ, ನಿನ್ನ ದಿನಚರಿ ಬರಿ, ಬ್ಯಾಂಕಿನ ಅರ್ಜಿ ತುಂಬು, ಅಂಗಡಿಯವನ ಜೊತೆ ಸಂಭಾಷಣೆ ಬರಿ, ಬಿಟ್ಟ ಸ್ಥಳ ತುಂಬು. ನಿನಗೆ ಇದು ಎಲ್‌ಕೆಜಿ ಪಾಠ. ನಮ್ಮ ಕಡೆ ಬೇರೆಲ್ಲ ಸಬ್ಜೆಕ್ಟ್ ಪಾಸಾಗಿ ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡು ಡಿಗ್ರಿ ಕೈಗೆ ಸಿಗದೆ ಕೂತವರು ಇದ್ದಾರೆ. ಇತಿಹಾಸದಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವರು ಕಣೇ, ದಡ್ಡರಲ್ಲ.

ಬಾಯಿಪಾಠ ಹೊಡೆಯುವ ಭಾಗಕ್ಕೆ ನಾನು ಹೆದರಲ್ಲ. ಅರ್ಜಿ, ಪತ್ರ ಇವೆಲ್ಲ ನಮಗೆ ನೀರು ಕುಡಿದಷ್ಟು ಸುಲಭ, ಮೊದಲ ಸಾಲು ಕೊನೆ ಸಾಲು ಗೊತ್ತಿದ್ದರೆ ನಡುವೆ ಏನೋ ಒಂದು ಹಾಕಬಹುದು. ನನ್ನ ಜೀವ ತಿನ್ನುವುದು ಇನ್ನೊಂದು. ಅಮ್ಮನ ಬಗ್ಗೆ ನಾಲ್ಕು ಸಾಲು ಬರಿ ಅಂದಾಗ ಎರಡನೇ ಸಾಲನ್ನು ಯಾವುದರಿಂದ ಶುರು ಮಾಡುವುದು ಅನ್ನುವುದು.

ನಗಬೇಡ, ಕೇಳು. ನಮ್ಮ ಅಜ್ಜಿ ಸಂಜೆ ಜಗಲಿ ಮೇಲೆ ಕೂತು ಹೇಳುವುದು ಹೀಗೆ: ಮೀ ಅಮ್ಮ ವಚ್ಚಿಂದಿ, ಎನುಮು ವಚ್ಚಿಂದಿ, ಬಸ್ಸು ವಚ್ಚಿಂದಿ. ಅಮ್ಮ ಬಂದಳು, ಎಮ್ಮೆ ಬಂತು, ಬಸ್ ಬಂತು ಅಂತ. ನೋಡು, ಮೂವರಿಗೂ ಒಂದೇ ವಚ್ಚಿಂದಿ. ತೆಲುಗಿನಲ್ಲಿ ಗಂಡಸು ಬಂದರೆ ವಚ್ಚಾಡು, ಹೆಂಗಸು ಬಂದರೂ ಎಮ್ಮೆ ಬಂದರೂ ವಚ್ಚಿಂದಿ. ಇನ್ನೂ ಮಜಾ ಏನಂದ್ರೆ, ಇಬ್ಬರು ಹೆಂಗಸರು ಜೊತೆಯಾಗಿ ಬಂದರೆ ಲೆಕ್ಕ ಬದಲಾಗುತ್ತದೆ. ಆಗ ಅವರು ಎಮ್ಮೆ ಸಾಲು ಬಿಟ್ಟು ಗಂಡಸರ ಸಾಲಿಗೆ ಸೇರಿ ವಚ್ಚಾರು ಆಗುತ್ತಾರೆ. ಎರಡು ಎಮ್ಮೆ ಬಂದರೆ ವಚ್ಚಾಯಿ. ಒಬ್ಬಳೇ ಇದ್ದಾಗ ಸಿಗದ ಮರ್ಯಾದೆ ಜೊತೆಗೊಬ್ಬಳು ಇದ್ದರೆ ಸಿಗುತ್ತದೆ ಅಂತ ನಾನು ನನ್ನ ತಂಗಿಗೆ ಹೇಳುತ್ತಿರುತ್ತೇನೆ. ಕನ್ನಡಕ್ಕೆ ಬಾ. ಬಂದನು, ಬಂದಳು, ಬಂತು, ಮೂರೂ ಬೇರೆ. ಆದರೆ ನಮ್ಮೂರ ಕನ್ನಡದಲ್ಲಿ ಅಜ್ಜಿ ಬಂತು, ಅಕ್ಕ ಊಟ ಮಾಡ್ತು ಅಂತಲೇ ಅನ್ನುವುದು. ಅದು ಬೈಗುಳ ಅಲ್ಲ, ಸಲಿಗೆ. ಮೇಷ್ಟ್ರು ಮಾತ್ರ ಕೆಂಪು ಪೆನ್ನಲ್ಲಿ ಗೀಚುತ್ತಿದ್ದರು.

ಇಂಗ್ಲಿಷಿಗೆ ಬಂದರೆ ಕಥೆ ಪೂರ್ತಿ ಉಲ್ಟಾ. ನಮ್ಮ ಎರಡೂ ಭಾಷೆಯಲ್ಲಿ ಯಾರು ಬಂದದ್ದು ಅಂತ ಕ್ರಿಯಾಪದದ ಬಾಲ ಹೇಳಿಬಿಡುತ್ತದೆ, ಹಾಗಾಗಿ ಅವನು ಅವಳು ಅಂತ ಪ್ರತಿ ಸಲ ಹೇಳುವುದೇ ಇಲ್ಲ. ಬಂದ, ಉಂಡ, ಮಲಗಿದ, ಮುಗಿಯಿತು. ಇಂಗ್ಲಿಷಿನಲ್ಲಿ ಬಾಲ ಏನೂ ಹೇಳಲ್ಲ. ಕೇಮ್ ಅಂದರೆ ಅಪ್ಪನೂ ಬಂದಿರಬಹುದು, ಅಮ್ಮನೂ ಬಂದಿರಬಹುದು, ಮಳೆಯೂ ಬಂದಿರಬಹುದು. ಅದಕ್ಕೇ ಪ್ರತಿ ವಾಕ್ಯದ ಮುಂದೆ ಹೀ, ಶೀ, ಇಟ್ ಅಂತ ಒಂದನ್ನು ನಿಲ್ಲಿಸಲೇಬೇಕು. ನಾವು ಅಲ್ಲಿ ಏನನ್ನೂ ನಿಲ್ಲಿಸಿ ಅಭ್ಯಾಸವಿಲ್ಲದವರು. ನಿಲ್ಲಿಸು ಅಂತ ಕತ್ತಿನ ಮೇಲೆ ಕೂತರೆ ಕೈಗೆ ಸಿಕ್ಕಿದ್ದನ್ನು ನಿಲ್ಲಿಸುತ್ತೇವೆ. ಆಗ ನಮ್ಮ ಕಡೆ ಹುಡುಗರ ಪೇಪರಲ್ಲಿ ಬರುತ್ತದೆ: ಮೈ ಮದರ್ ಈಸ್ ಎ ಫಾರ್ಮರ್, ಇಟ್ ಗೋ ಟು ಫೀಲ್ಡ್ ಎವ್ರಿ ಡೇ. ಹೊರಗಿಂದ ಬಂದ ಲೆಕ್ಚರರ್ ಒಬ್ಬರು ಇದನ್ನು ಕ್ಲಾಸಲ್ಲಿ ಜೋರಾಗಿ ಓದಿ ನಕ್ಕರು. ಹಿಂದಿನ ಬೆಂಚಲ್ಲಿ ಯಾರೂ ನಗಲಿಲ್ಲ, ಯಾಕಂದರೆ ಯಾರಿಗೂ ತಪ್ಪು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಹುಡುಗ ಅಮ್ಮನಿಗೆ ಅವಮಾನ ಮಾಡಿಲ್ಲ ಮೇಡಂ, ಮನೆಯಲ್ಲಿ ಮಾತಾಡಿದ ಹಾಗೆ ಬರೆದಿದ್ದಾನೆ ಅಂತ ಅವರಿಗೆ ಹೇಳುವವರು ಯಾರು?

ಮರ್ಯಾದೆಯದ್ದು ಇನ್ನೊಂದು ತಲೆನೋವು. ಪ್ರಿನ್ಸಿಪಾಲರನ್ನು ಹೀ ಅನ್ನಲು ನಮಗೆ ಬಾಯಿ ಬರಲ್ಲ. ಅವನು ಅಂದ ಹಾಗಾಗುತ್ತದೆ. ಅದಕ್ಕೆ ಮರ್ಯಾದಸ್ಥ ಮಕ್ಕಳು ಅವರ್ ಪ್ರಿನ್ಸಿಪಾಲ್ ಆರ್ ಕಮಿಂಗ್, ದೇ ಆರ್ ವೆರಿ ಸ್ಟ್ರಿಕ್ಟ್ ಅಂತ ಬರೆಯುತ್ತಾರೆ. ಒಬ್ಬರೇ ಪ್ರಿನ್ಸಿಪಾಲರು ಗುಂಪಾಗಿ ಬಂದ ಹಾಗೆ. ಅದಕ್ಕೂ ಮಾರ್ಕ್ಸ್ ಕಟ್.

ಆಮೇಲೆ ಆ ಎಸ್ ಇದೆಯಲ್ಲ, ಅದು. ಐ ಗೋ, ಯೂ ಗೋ, ದೇ ಗೋ, ಸರಿ. ಹೀ ಗೋಸ್, ಶೀ ಗೋಸ್, ಇಟ್ ಗೋಸ್. ಇಷ್ಟು ಕಲಿತು ಉಸಿರು ಬಿಡುವಷ್ಟರಲ್ಲಿ ಪ್ರಶ್ನೆ ಮಾಡು ಅಂತಾರೆ. ಆಗ ಎಸ್ ಅಲ್ಲಿಂದ ಎದ್ದು ಹೋಗಿ ಡೂ ಪಕ್ಕ ಕೂತು ಡಸ್ ಆಗುತ್ತದೆ, ಹಿಂದೆ ಬರೀ ಗೋ ಉಳಿಯುತ್ತದೆ. ಡಸ್ ಶೀ ಗೋ. ನಮ್ಮವರು ಧಾರಾಳಿಗಳು, ಎರಡೂ ಕಡೆ ಎಸ್ ಹಾಕುತ್ತಾರೆ. ಶೀ ಡಸ್ ನಾಟ್ ಗೋಸ್. ಈ ಕಾಟಕ್ಕೆ ಹೆದರಿ ನಾನು ಕಂಡುಕೊಂಡ ಒಂದು ಉಪಾಯ ಇದೆ: ಎಲ್ಲವನ್ನೂ ಭೂತಕಾಲದಲ್ಲಿ ಬರೆಯುವುದು. ಕೇಮ್, ವೆಂಟ್, ಏಟ್, ಸ್ಲೆಪ್ಟ್. ಯಾರು ಬಂದರೂ ಒಂದೇ ರೂಪ, ಎಸ್ಸಿನ ಗೊಡವೆ ಇಲ್ಲ. ಆದರೆ ದಿನಚರಿ ಅಂದರೆ ವರ್ತಮಾನ ಕಾಲವೇ ಬೇಕಂತೆ. ಇನ್ನೊಂದು ಉಪಾಯ, ಹೀ ಶೀ ಬಿಟ್ಟು ಪ್ರತಿ ಸಾಲಿಗೂ ಮೈ ಮದರ್, ಮೈ ಮದರ್ ಅಂತಲೇ ಹಾಕುವುದು. ಓದಲು ಭಜನೆ ಥರ ಇರುತ್ತದೆ, ಆದರೆ ತಪ್ಪು ಅಂತ ಯಾರೂ ಗೀಚಲಾರರು. ಎಮ್ಮೆ ಬಗ್ಗೆ ಬರಿ ಅಂದರೆ ಮಾತ್ರ ನಾವು ನೂರಕ್ಕೆ ನೂರು.

ಗೈಡುಗಳಾದರೂ ಸಹಾಯ ಮಾಡುತ್ತವಾ ಅಂದರೆ, ಅವೂ ಇಲ್ಲ. ಇಲ್ಲಿ ಸಿಗುವ ಗ್ರಾಮರ್ ಪುಸ್ತಕಗಳಲ್ಲಿ ಶೀ ಕಮ್ಸ್, ಪಕ್ಕದಲ್ಲಿ ಅವಳು ಬರುತ್ತಾಳೆ ಅಂತ ಇರುತ್ತದೆ. ಓದುವವರೆಲ್ಲರ ಮನೆಯಲ್ಲೂ ಬರುತ್ತಾಳೆ ಅಂತಾರೆ ಅನ್ನುವ ನಂಬಿಕೆ ಅವರಿಗೆ. ನಾನು ಮೊದಲು ಮನೆ ಮಾತಿಂದ ಪುಸ್ತಕದ ಕನ್ನಡಕ್ಕೆ ಬರಬೇಕು, ಅಲ್ಲಿ ಇಳಿದು ಇಂಗ್ಲಿಷ್ ಹತ್ತಬೇಕು. ದಾವಣಗೆರೆಗೆ ಹೋಗುವಾಗ ಚಳ್ಳಕೆರೆಯಲ್ಲಿ ಇಳಿದು ಬಸ್ ಬದಲಿಸಿದ ಹಾಗೆ, ಮೊದಲನೆಯದು ಲೇಟಾದರೆ ಎರಡನೆಯದು ತಪ್ಪಿತು. ಗಡಿಯಾಚೆ ಆಂಧ್ರದ ರಾಯದುರ್ಗದ ಅಂಗಡಿಗಳಲ್ಲಿ ತೆಲುಗು ಗೈಡು ಸಿಗುತ್ತದೆ. ಆದರೆ ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರಲ್ಲ. ಅಕ್ಷರ ನೋಡಿದರೆ ಕನ್ನಡದ ಅಣ್ಣತಮ್ಮಂದಿರ ಥರ ಇವೆ, ಕೂಡಿಸಿ ಓದುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ.

ಈಗ ನಿನ್ನ ಮುಂದಿನ ಪ್ರಶ್ನೆ ಗೊತ್ತು. ಹಾಗಾದ್ರೆ ನೀವು ತೆಲುಗಿನವರಾ? ಹಾಸ್ಟೆಲ್ಲಿಗೆ ಬಂದಾಗಿನಿಂದ ಇದನ್ನು ಕೇಳಿಸಿಕೊಂಡು ಕಿವಿ ತೂತಾಗಿದೆ. ಮೊಳಕಾಲ್ಮೂರು ಅಂದ ತಕ್ಷಣ ಓ ಸೀರೆ ಅಂತಾರೆ, ಆಮೇಲೆ ಇದನ್ನು ಕೇಳುತ್ತಾರೆ. ಮ್ಯಾಪ್ ತೆಗೆದು ನೋಡು. ನಮ್ಮ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದ ಮೂತಿ ಚಾಚಿ ಆಂಧ್ರದ ಮಗ್ಗುಲಿಗೆ ಹೋಗಿ ನಿಂತಿದೆ. ನಮಗೆ ಚಿತ್ರದುರ್ಗಕ್ಕಿಂತ ರಾಯದುರ್ಗವೇ ಹತ್ತಿರ. ಆ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯದ್ದು. ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಇತ್ತ ಬಂತು. ಗೆರೆ ಎಳೆದವರು ಎಳೆದರು. ಸೋದರತ್ತೆ ಆ ಕಡೆ, ಸೋದರಮಾವ ಈ ಕಡೆ. ನಮ್ಮ ಅತ್ತೆ ಮನೆಯವರು ಆಂಧ್ರದಲ್ಲಿದ್ದು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ನಾವು ಕರ್ನಾಟಕದಲ್ಲಿದ್ದು ಅಜ್ಜಿ ಜೊತೆ ತೆಲುಗು ಮಾತಾಡುತ್ತೇವೆ. ಅವರಿಗೆ ಅಲ್ಲಿ ನೀವು ಕನ್ನಡದವರು ಅಂತಾರೆ, ನಮಗೆ ಇಲ್ಲಿ ನೀವು ತೆಲುಗಿನವರು ಅಂತಾರೆ. ಹಬ್ಬಕ್ಕೆ ಎಲ್ಲ ಸೇರಿದಾಗ ಇದನ್ನು ಹೇಳಿಕೊಂಡು ನಗುವುದು ಬಿಟ್ಟರೆ ಬೇರೇನೂ ಮಾಡಿಲ್ಲ. ನಾನು ಲೆಕ್ಕ ಹಾಕುವುದು ಕನ್ನಡದಲ್ಲಿ, ಜಗಳ ಆಡುವುದು ಕನ್ನಡದಲ್ಲಿ, ಈಗ ನಿನ್ನ ಮೇಲೆ ಸಿಟ್ಟು ಬಂದಿರುವುದೂ ಕನ್ನಡದಲ್ಲೇ. ಇದಕ್ಕಿಂತ ಏನು ಸರ್ಟಿಫಿಕೇಟ್ ಬೇಕು?

ಪರಿಚಯ ಬರೆಯುವ ಪ್ರಶ್ನೆಯಲ್ಲಿ ಮದರ್ ಟಂಗ್ ಅಂತ ಒಂದು ಖಾಲಿ ಗೆರೆ ಇರುತ್ತದೆ. ನಾನು ಕನ್ನಡ ಅಂತ ಬರೆಯುತ್ತೇನೆ. ಅಜ್ಜಿಗೆ ಹೇಳಿಲ್ಲ.

ನಮ್ಮೂರ ಕಡೆ ಭಾಷೆ ಬೆರಕೆ ಆಗಿದ್ದು ಮೊನ್ನೆ ಮೊನ್ನೆಯ ಕಥೆಯಲ್ಲ. ನಮ್ಮ ತಾಲ್ಲೂಕಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇವೆ, ಮೂರು ಕಡೆಯೂ ಅಶೋಕನ ಶಾಸನ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅವರಿಗೆ ಸಿಕ್ಕಿದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಅಂತ. ಅವನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಎಲ್ಲೋ ವಾಯವ್ಯದ ಗಾಂಧಾರದ ಕಡೆಯ ಲಿಪಿ. ನಮ್ಮ ಬಂಡೆ ಮೇಲೆ ಅದನ್ನು ಯಾರು ಓದುತ್ತಿದ್ದರೋ, ಅವನಿಗೇ ಗೊತ್ತು. ಎರಡು ಲಿಪಿ ಬೆರೆಸಿದ್ದೀಯ ಅಂತ ಅವನಿಗೆ ಯಾರೂ ಮಾರ್ಕ್ಸ್ ಕಟ್ ಮಾಡಲಿಲ್ಲ. ಇತಿಹಾಸದ ಪೇಪರಲ್ಲಿ ಇದನ್ನು ಬರೆದರೆ ನನಗೆ ಪೂರ್ತಿ ಅಂಕ, ಇಂಗ್ಲಿಷ್ ಪೇಪರಲ್ಲಿ ನಾನೇ ಚಪಡನ ಹಾಗೆ ಮಾಡಿದರೆ ಸೊನ್ನೆ.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ಬೇಕು, ಜಾಸ್ತಿಯೇ ಬೇಕು. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಇದೆ. ದನ ಮೇಯುವ ಆ ಕಾವಲು ಪ್ರದೇಶದಲ್ಲೇ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಕೂಡ ಇದೆ. ದೇಶದ ಎಲ್ಲೆಲ್ಲಿಂದಲೋ ದೊಡ್ಡ ದೊಡ್ಡವರು ಬಂದು ಹೋಗುತ್ತಾರೆ. ಅದೇ ಕಾವಲಿನ ಆಚೆ ಬದಿಯಲ್ಲಿ ನಾನು ಗೋಗೆ ಎಸ್ ಹಾಕಲೋ ಬೇಡವೋ ಅಂತ ಪೆನ್ನು ಕಚ್ಚುತ್ತಿದ್ದೇನೆ. ನಮ್ಮ ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದೇ 2009ರಲ್ಲಿ, ದಾವಣಗೆರೆ ಮತ್ತು ಚಿತ್ರದುರ್ಗ ಎರಡು ಜಿಲ್ಲೆಗೆ ಸೇರಿ. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ನಮ್ಮಂಥವರು ತುಂಬಿದ್ದಾರೆ, ಮನೆಯಲ್ಲಿ ಮೊದಲ ಸಲ ಡಿಗ್ರಿಗೆ ಬಂದವರು. ನಲಿ-ಕಲಿ ಕೋಣೆಯಲ್ಲಿ ಆಗಬೇಕಿದ್ದ ಕೆಲಸ ಇಲ್ಲಿ ಆಗುತ್ತಿದೆ, ಅಷ್ಟೇ. ಇದಕ್ಕೆ ನಾನು ನಾಚಿಕೊಳ್ಳಬೇಕಾ, ಇಲ್ಲ ಆ ಕೋಣೆಗೆ ಇನ್ನೊಬ್ಬ ಮೇಷ್ಟ್ರನ್ನು ಕೊಡದವರು ನಾಚಿಕೊಳ್ಳಬೇಕಾ, ನೀನೇ ಹೇಳು.

ಬೆಣ್ಣೆ ದೋಸೆ ತಿನ್ನಲು ದಾವಣಗೆರೆಗೆ ಬರ್ತೀನಿ ಅಂದಿದ್ದೀಯಲ್ಲ, ಪರೀಕ್ಷೆ ಮುಗಿದ ಮೇಲೆ ಬಾ. ಅಲ್ಲಿವರೆಗೆ ಒಂದು ಉಪಕಾರ ಮಾಡು. ರಾತ್ರಿ ಊಟ ಆದ ಮೇಲೆ ಸ್ವಲ್ಪ ಹೊತ್ತು ನನ್ನ ಜೊತೆ ಇಂಗ್ಲಿಷಲ್ಲಿ ಮಾತಾಡು. ಸಾಹಿತ್ಯ ರಾಜಕೀಯ ಏನೂ ಬೇಡ, ನಿಮ್ಮ ಅಮ್ಮ ಬೆಳಗ್ಗೆ ಎದ್ದು ಏನೇನು ಮಾಡುತ್ತಾರೆ ಅಂತ ಕೇಳುತ್ತೇನೆ, ನಮ್ಮ ಅಮ್ಮನದ್ದು ನೀನು ಕೇಳು. ವರ್ತಮಾನ ಕಾಲ ಮಾತ್ರ. ನಾನು ದೇ ಅಂದರೆ ಅಲ್ಲೇ ನಿಲ್ಲಿಸು, ಇಟ್ ಅಂದರೂ ನಿಲ್ಲಿಸು. ನಗು ಬಂದರೆ ಮ್ಯೂಟ್ ಮಾಡಿಕೊಂಡು ನಗು.