ನಾಯಿಮರಿಗಳನ್ನು ನೋಡಲು ಬ್ರೀಡರ್ ಬಿಡದಿರುವುದೇಕೆ?

ನೀವು ಕೊಳ್ಳಬೇಕೆಂದಿರುವ ನಾಲ್ಕು ವಾರದ ನಾಯಿಮರಿಗಳನ್ನು ನೋಡಲು ಬ್ರೀಡರ್ (ನಾಯಿ ಸಾಕಿ ಮರಿ ಮಾರುವವರು) ನಿಮಗೆ ಅವಕಾಶ ಕೊಡದಿರುವುದಕ್ಕೆ ಬಹುಮಟ್ಟಿಗೆ, ಮರಿಗಳಿಗೆ ತೀವ್ರ ವಾಂತಿ-ಭೇದಿ ತಂದು ಪ್ರಾಣವನ್ನೇ ತೆಗೆಯಬಲ್ಲ ಪಾರ್ವೋ ವೈರಸ್‌ನ ಭಯವೇ ಕಾರಣ. ಸೋಂಕಿತ ನಾಯಿಯ ಮಲದಿಂದ ಹರಡುವ ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿದು, ಚಪ್ಪಲಿ, ಬಟ್ಟೆ, ಕೈಗಳಿಗೆ ಅಂಟಿಕೊಂಡು ಒಳಗೆ ಬರುತ್ತದೆ. ಆಲ್ಕೋಹಾಲ್ ಸ್ಯಾನಿಟೈಸರ್‌ ಹಚ್ಚಿಕೊಂಡರೂ ಅದು ಸುಲಭವಾಗಿ ಸಾಯುವುದಿಲ್ಲ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ವಾರದಿಂದ ವಾರಕ್ಕೆ ಕುಗ್ಗುತ್ತದೆ, ಲಸಿಕೆಯಾದರೋ 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭವಾಗಿ ಸುಮಾರು 16 ವಾರಗಳವರೆಗೆ ಹಂತಹಂತವಾಗಿ ನಡೆಯುತ್ತದೆ. ಈ ನಡುವೆ ಒಂದು ಮರಿಗೆ ಸೋಂಕು ತಗುಲಿದರೆ ಆ ಸೂಲಿನ ಮರಿಗಳೆಲ್ಲವೂ ಅಪಾಯಕ್ಕೆ ಸಿಲುಕುತ್ತವೆ. ನಮ್ಮ ನಾಯಿ ಮರಿ ಹಾಕಿದಾಗ ನಾನೂ ಇದೇ ಕಾರಣಕ್ಕೆ ಆಪ್ತರನ್ನು ಸಹ ಬಾಗಿಲಲ್ಲೇ ತಡೆದಿದ್ದೆ.

ಮೊದಲು ವಿಡಿಯೋ ಕರೆಯಲ್ಲಿ ತಾಯಿ ಮತ್ತು ಮರಿಗಳನ್ನು ಒಟ್ಟಿಗೆ ತೋರಿಸಲು ಕೇಳಿ. ಮೊದಲ ಲಸಿಕೆಯಾದ ಕೆಲವು ದಿನಗಳ ನಂತರ ಭೇಟಿಗೆ ದಿನ ಗೊತ್ತುಮಾಡಿಕೊಳ್ಳಿ. ಅಂದು ನಾಯಿಗಳಿರುವ ಬೇರೆಲ್ಲಿಗೂ ಹೋಗದೆ, ಒಗೆದ ಬಟ್ಟೆ ತೊಟ್ಟು, ಚಪ್ಪಲಿಯನ್ನು ಹೊರಗೇ ಬಿಟ್ಟು, ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ಮರಿಯನ್ನು ಮುಟ್ಟಿ. ಬ್ರೀಡರ್ ಏನನ್ನಾದರೂ ಮರೆಮಾಚುತ್ತಿದ್ದಾರೆಯೇ ಎಂಬುದನ್ನು ದೂರದಿಂದ ಹೇಳಲಾಗದು. ಆದರೆ ವಿಡಿಯೋದಲ್ಲೂ ತಾಯಿಯನ್ನು ತೋರಿಸದೆ, ಲಸಿಕೆಯ ದಾಖಲೆಯನ್ನೂ ಕೊಡದೆ, ಮುಂಗಡ ಹಣವನ್ನಷ್ಟೇ ಕೇಳಿದರೆ ಅಲ್ಲಿ ಮರಿ ಕೊಳ್ಳಬೇಡಿ.