ರೋಜರ್ ವಾಟರ್ಸ್‌ನ ‘ಅಮ್ಯೂಸ್ಡ್ ಟು ಡೆತ್’ ನಿಜವಾಗ್ಲೂ ಅಷ್ಟು ಚೆನ್ನಾಗಿದ್ಯಾ, ಇಲ್ಲ ಹಳೇ ಫ್ಯಾನ್‌ಗಳ ಅಭಿಮಾನನಾ?

ನೀವು ಕೇಳಿರೋದು, ಪಿಂಕ್ ಫ್ಲಾಯ್ಡ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡ್ ಬಿಟ್ಮೇಲೆ ರೋಜರ್ ವಾಟರ್ಸ್ 1992ರಲ್ಲಿ ತಂದ ಈ ಆಲ್ಬಮ್‌ನ ಈಗ ಎಲ್ಲಿ ನೋಡಿದ್ರೂ ಮಾಸ್ಟರ್‌ಪೀಸ್ ಅಂತಿದಾರೆ, ಹಂಗಿದ್ರೆ ಬಂದಾಗ ಯಾಕೆ ಅಷ್ಟು ಸದ್ದು ಮಾಡ್ಲಿಲ್ಲ, ಈಗ ಹೊಗಳ್ತಿರೋದ್ರಲ್ಲಿ ಹುರುಳಿದ್ಯಾ ಅಂತ.

ಇದೆ. ಅವನ ಸೋಲೋ ಆಲ್ಬಮ್‌ಗಳಲ್ಲಿ ಇದರ ಹತ್ರ ಇನ್ನೊಂದು ಬರಲ್ಲ, ನನ್ನ ಮಟ್ಟಿಗೆ ಫ್ಲಾಯ್ಡ್‌ನ ‘ದ ವಾಲ್’ ಆಲ್ಬಮ್ ಪಕ್ಕದಲ್ಲೇ ಇಡಬಹುದು. ಆದ್ರೆ ಜನ ಹೊಗಳೋವಾಗ ಕೊಡೋ ಕಾರಣ ಇದ್ಯಲ್ಲ, "ಮೊಬೈಲ್ ಕಾಲ ಬರುತ್ತೆ ಅಂತ ಆವಾಗ್ಲೇ ಹೇಳ್ಬಿಟ್ಟಿದ್ದ ಕಣ್ರೀ" ಅನ್ನೋದು, ಅದು ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಈ ಆಲ್ಬಮ್‌ನ ಜೀವ ಬೇರೆ ಕಡೆ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಮೊದ್ಲು ಆಗಿನ ಪರಿಸ್ಥಿತಿ. 1985ರ ಕೊನೇಲಿ ವಾಟರ್ಸ್ ಬ್ಯಾಂಡ್ ಬಿಟ್ಟ, ತಾನಿಲ್ದೆ ಪಿಂಕ್ ಫ್ಲಾಯ್ಡ್ ಅನ್ನೋ ಹೆಸರೇ ಇರಬಾರ್ದು ಅಂತ ಹಟ ಹಿಡ್ದ, ಬ್ಯಾಂಡ್‌ನ ಗಿಟಾರಿಸ್ಟ್ ಗಿಲ್ಮೋರ್ ಮತ್ತೆ ಡ್ರಮ್ಮರ್ ಮೇಸನ್ ಒಪ್ಲಿಲ್ಲ, ವಿಷಯ ಲಾಯರ್‌ಗಳ ತನಕ ಹೋಯ್ತು, 1987ರಲ್ಲಿ ಅವ್ರು ಅದೇ ಹೆಸರಲ್ಲಿ ಹೊಸ ಆಲ್ಬಮ್ ತಂದು ಸ್ಟೇಡಿಯಂ ಮೇಲೆ ಸ್ಟೇಡಿಯಂ ತುಂಬಿಸಿದ್ರು, ಅದೇ ವರ್ಷ ಇವನ ‘ರೇಡಿಯೊ ಕೆಎಒಎಸ್’ ಟೂರ್‌ಗೆ ಅವರಿಗೆ ಬಂದಷ್ಟು ಜನ ಬರ್ಲಿಲ್ಲ. 1990ರಲ್ಲಿ ಬರ್ಲಿನ್‌ನಲ್ಲಿ ‘ದ ವಾಲ್’ ಶೋ ಮಾಡಿ ದೊಡ್ಡ ಹೆಸರು ಮಾಡಿದ, ಆದ್ರೂ ಅದು ಹಳೇ ಹಾಡುಗಳ ಜೋರು. ಹಿಂಗಿರೋವಾಗ 1992ರ ಸೆಪ್ಟೆಂಬರ್‌ನಲ್ಲಿ ಇದು ಬಂತು. ಹೊರಗಡೆ ನಿರ್ವಾಣ, ಪರ್ಲ್ ಜ್ಯಾಮ್ ಅಂತ ಸಿಯಾಟಲ್ ಹುಡುಗರ ರಾಕ್ ಬ್ಯಾಂಡ್‌ಗಳ ಹವಾ. ಅದರ ಮಧ್ಯ 49 ವರ್ಷದ ಒಬ್ಬ ಮನುಷ್ಯ ಎಪ್ಪತ್ತೆರಡು ನಿಮಿಷ ಟಿವಿ, ದೇವರು, ಯುದ್ಧ ಅಂತ ಹಾಡಿದ್ರೆ ಯಾರು ಕೂತ್ಕೊಂಡು ಕೇಳ್ತಾರೆ? ಇಂಗ್ಲೆಂಡ್‌ನಲ್ಲಿ 8ನೇ ಸ್ಥಾನ, ಅಮೆರಿಕದಲ್ಲಿ 21ನೇ ಸ್ಥಾನಕ್ಕೆ ಹೋಗಿತ್ತು, ಸೋತೇಹೋಯ್ತು ಅನ್ನೋ ಹಾಗಿಲ್ಲ, ಆದ್ರೆ ಅವನು ಇದಕ್ಕೆ ಅಂತ ಟೂರ್ ಮಾಡ್ಲೇ ಇಲ್ಲ. ಟೂರ್ ಇಲ್ಲ ಅಂದ್ರೆ ಹಾಡು ಜನರ ಬಾಯಿಗೆ ಬರಲ್ಲ, ಆಗಿನ ಕಾಲದಲ್ಲಂತೂ ಬರ್ತಾನೇ ಇರ್ಲಿಲ್ಲ.

ಇನ್ನೊಂದು ಕಾರಣ ಸೌಂಡು, ಇದನ್ನ ಯಾರೂ ಅಷ್ಟಾಗಿ ಹೇಳಲ್ಲ. ಆಲ್ಬಮ್ ಮಿಕ್ಸ್ ಮಾಡಿದ್ದು ಕ್ಯೂಸೌಂಡ್ ಅನ್ನೋ ಟೆಕ್ನಾಲಜಿಯಲ್ಲಿ. ಎರಡೇ ಸ್ಪೀಕರ್ ಇದ್ರೂ ಎರಡು ಚಾನಲ್ ಮಧ್ಯ ಟೈಮಿಂಗು, ಫೇಸು (ಶಬ್ದದ ಅಲೆಯ ಹಂತ) ಸ್ವಲ್ಪ ಹಿಂದೆಮುಂದೆ ಮಾಡಿ ಶಬ್ದ ಪಕ್ಕದಿಂದ, ಸ್ಪೀಕರ್‌ನ ಆಚೆಯಿಂದ ಬಂದಹಾಗೆ ಕಿವಿಗೆ ಮೋಸ ಮಾಡೋದು. ಶುರುವಿನಲ್ಲೇ ಒಂದು ನಾಯಿ ಬೊಗಳುತ್ತೆ. ಸರಿಯಾದ ಸಿಸ್ಟಂನಲ್ಲಿ ಎರಡು ಸ್ಪೀಕರ್‌ಗೂ ಸಮ ದೂರದಲ್ಲಿ ಕೂತು ಕೇಳಿದ್ರೆ ಆ ನಾಯಿ ಬಲಗಡೆ ಸ್ಪೀಕರ್‌ನಲ್ಲಿಲ್ಲ, ಅದರಿಂದ ಎಷ್ಟೋ ಆಚೆ, ಪಕ್ಕದ ಮನೆ ಕಾಂಪೌಂಡ್‌ನಲ್ಲಿದೆ. ಆಡಿಯೋ ಹುಚ್ಚಿರೋರು ಹೊಸ ಸ್ಪೀಕರ್ ತಂದ್ರೆ ಟೆಸ್ಟ್ ಮಾಡೋಕೆ ಇವತ್ತಿಗೂ ಈ ನಾಯಿನೇ ಹಾಕೋದು. ಆದ್ರೆ ನಮ್ಮಲ್ಲಿ ಎಷ್ಟು ಜನರ ಹತ್ರ ಅಂಥ ಸಿಸ್ಟಂ ಇತ್ತು? ನಾನು ಮೊದಲು ಕೇಳಿದ್ದು ಫ್ರೆಂಡ್ ಒಬ್ಬ ಕಾಪಿ ಮಾಡಿಕೊಟ್ಟ ಅರವತ್ತು ನಿಮಿಷದ ಕ್ಯಾಸೆಟ್‌ನಲ್ಲಿ, ಒಂದೇ ಸ್ಪೀಕರ್ ಇರೋ ಟೇಪ್‌ರೆಕಾರ್ಡರ್‌ನಲ್ಲಿ. ನಾಯಿ ನಾಯಿ ಥರಾನೇ ಬೊಗಳ್ತಿತ್ತು, ಅಷ್ಟೇ. ಅದಕ್ಕಿಂತ ದೊಡ್ಡ ನಷ್ಟ ಅಂದ್ರೆ ಎಪ್ಪತ್ತೆರಡು ನಿಮಿಷದ ಆಲ್ಬಮ್ ಅರವತ್ತು ನಿಮಿಷದ ಟೇಪ್‌ನಲ್ಲಿ ಹಿಡಿಯಲ್ವಲ್ಲ, ಕೊನೇ ಹಾಡು ಪೂರ್ತಿ ಹೋಗಿತ್ತು, ಅದರ ಹಿಂದಿನದ್ದು ಅರ್ಧಕ್ಕೇ ಟಕ್ ಅಂತ ನಿಲ್ತಿತ್ತು. ಎಷ್ಟೋ ವರ್ಷ ಈ ಆಲ್ಬಮ್‌ನ ಕೊನೆ ಏನು ಅಂತಾನೇ ನಂಗೆ ಗೊತ್ತಿರ್ಲಿಲ್ಲ.

ಆ ಕೊನೇಲೇ ಇರೋದು ಎಲ್ಲಾ.

ಮೊದಲನೇ ಟ್ರ್ಯಾಕ್‌ನಲ್ಲಿ ಒಬ್ರು ತಾತ ಮಾತಾಡ್ತಾರೆ. ಹೆಸರು ಆಲ್ಫ್ ರಾಝೆಲ್, ಮೊದಲನೇ ಮಹಾಯುದ್ಧದಲ್ಲಿ ರಾಯಲ್ ಫ್ಯುಸಿಲಿಯರ್ಸ್ ಅನ್ನೋ ಬ್ರಿಟಿಷ್ ರೆಜಿಮೆಂಟ್‌ನಲ್ಲಿ ಇದ್ದೋರು. ನಟನೆ ಅಲ್ಲ, ನಿಜವಾದ ಸೈನಿಕ, ಟಿವಿ ಡಾಕ್ಯುಮೆಂಟರಿಗೆ ಕೊಟ್ಟ ಇಂಟರ್‌ವ್ಯೂನಲ್ಲಿ ಅವರೇ ಹೇಳಿದ ಮಾತು. ಎರಡು ಸೈನ್ಯದ ಮಧ್ಯದ ಬಯಲಲ್ಲಿ ಬಿಲ್ ಹಬ್ಬರ್ಡ್ ಅನ್ನೋ ಜೊತೆಗಾರ ಗಾಯ ಆಗಿ ಬಿದ್ದಿರ್ತಾನೆ, ಇವರು ಹೊತ್ಕೊಂಡು ಹೋಗೋಕೆ ನೋಡ್ತಾರೆ, ಹೆಜ್ಜೆ ಹೆಜ್ಜೆಗೂ ಅವನು ನೋವಿಗೆ ಕಿರುಚ್ತಾನೆ, ಕೆಳಗಿಳಿಸು ನಾನು ಸಾಯ್ತೀನಿ ಅಂತಾನೆ, ಕೊನೆಗೆ ಬೇರೆ ದಾರಿ ಇಲ್ದೆ ಅಲ್ಲೇ ಬಿಟ್ಟು ಬರ್ತಾರೆ. ಇದನ್ನ ಆ ತಾತ ಅಳದೆ, ಧ್ವನಿ ಏರಿಸದೆ, ನಿಧಾನಕ್ಕೆ ಹೇಳ್ತಾರೆ, ಹಿಂದೆ ಬ್ರಿಟಿಷ್ ಗಿಟಾರಿಸ್ಟ್ ಜೆಫ್ ಬೆಕ್ ನುಡಿಸೋ ಗಿಟಾರ್ ಬರ್ತಿರುತ್ತೆ. ಆಮೇಲೆ ಟಿವಿ ಚಾನಲ್ ಬದಲಾಯಿಸೋ ಸದ್ದು, ಮುಂದಿನ ಒಂದು ಗಂಟೆ ಪೂರ್ತಿ ವಾಟರ್ಸ್‌ದೇ ಗಲಾಟೆ.

ಆ ಗಲಾಟೇಲೂ ಅದ್ಭುತವಾದ ಜಾಗಗಳಿವೆ. ‘ಪರ್ಫೆಕ್ಟ್ ಸೆನ್ಸ್’ ಎರಡನೇ ಭಾಗದಲ್ಲಿ ಮಾರ್ವ್ ಆಲ್ಬರ್ಟ್ ಬರ್ತಾನೆ, ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಕಾಮೆಂಟರಿಗೆ ದೊಡ್ಡ ಹೆಸರು, ಅವನ ಕೈಲಿ ಸಬ್‌ಮರೀನ್ ಒಂದು ಸಮುದ್ರದಲ್ಲಿರೋ ತೈಲ ಬಾವಿಗೆ ಟಾರ್ಪೆಡೊ ಬಿಡೋದನ್ನ ಮ್ಯಾಚ್ ಥರ ಕಾಮೆಂಟರಿ ಮಾಡಿಸಿದಾನೆ, ಜನ ಹೋ ಅಂತಾರೆ. 1991ರಲ್ಲಿ ಗಲ್ಫ್ ಯುದ್ಧ ಶುರುವಾದಾಗ ಬಾಗ್ದಾದ್ ಮೇಲೆ ಬಾಂಬ್ ಬೀಳೋದನ್ನ ಸಿಎನ್ಎನ್ ಲೈವ್ ತೋರಿಸಿತ್ತಲ್ಲ, ಇದು ಅದರ ಮರುವರ್ಷವೇ ಬಂದ ಆಲ್ಬಮ್. ‘ಲೇಟ್ ಹೋಮ್ ಟುನೈಟ್’ 1986ರಲ್ಲಿ ಅಮೆರಿಕ ಲಿಬಿಯಾ ಮೇಲೆ ಮಾಡಿದ ವಿಮಾನ ದಾಳಿ ಬಗ್ಗೆ, ‘ವಾಚಿಂಗ್ ಟಿವಿ’ 1989ರಲ್ಲಿ ಚೀನಾದ ಟಿಯಾನನ್ಮೆನ್ ಚೌಕದಲ್ಲಿ ಸತ್ತ ಒಬ್ಬ ಹುಡುಗಿ ಬಗ್ಗೆ. ಅಂದ್ರೆ ಅವನು ಭವಿಷ್ಯ ಹೇಳ್ತಿರ್ಲಿಲ್ಲ, ಅವತ್ತಿನ ಪೇಪರ್ ಓದಿ ಅವತ್ತಿಂದೇ ಬರ್ದಿದಾನೆ. ಹೆಸರು ಕೂಡ ನೀಲ್ ಪೋಸ್ಟ್‌ಮನ್ 1985ರಲ್ಲಿ ಬರೆದ ‘ಅಮ್ಯೂಸಿಂಗ್ ಅವರ್‌ಸೆಲ್ವ್ಸ್ ಟು ಡೆತ್’ ಪುಸ್ತಕದ್ದು, ಟಿವಿ ಎಲ್ಲಾನೂ ಮನರಂಜನೆ ಮಾಡ್ಬಿಡುತ್ತೆ, ಹೆದರಿಸಿ ಆಳೋರಿಗಿಂತ ಖುಷಿಪಡಿಸಿ ಆಳೋರು ಅಪಾಯ ಅನ್ನೋ ವಾದ ಅದರಲ್ಲಿ ಆಗ್ಲೇ ಇತ್ತು. ಹಂಗಾಗಿ ವಾಟರ್ಸ್ ಮೊದ್ಲೇ ಕಂಡುಹಿಡಿದಿದ್ದ ಅನ್ನೋ ಕ್ರೆಡಿಟ್ ಪೋಸ್ಟ್‌ಮನ್‌ಗೆ ಹೋಗ್ಬೇಕು. ಇವತ್ತಿನ ಹುಡುಗರು ರೀಲ್ಸ್ ನೋಡ್ತಾ ನೋಡ್ತಾ ಈ ಆಲ್ಬಮ್ ಕೇಳಿ ಬೆಚ್ಚಿಬೀಳ್ತಾರೆ, ಅದು ನಿಜ, ಅದರಿಂದಲೇ ಹೊಸ ಕೇಳುಗರು ಬಂದಿದಾರೆ, ಬರ್ಲಿ. ಆದ್ರೆ ಇವತ್ತಿಗೆ ಹೊಂದುತ್ತೆ ಅನ್ನೋದು ಒಂದೇ ಕಾರಣ ಆದ್ರೆ ನಾಳೆ ಹೊಂದದೇ ಇದ್ರೆ ಬಿಸಾಕ್ಬೇಕಾಗುತ್ತೆ.

ಈಗ ಆ ಕೊನೆ. ಕೊನೇ ಹಾಡಲ್ಲಿ ಬೇರೆ ಗ್ರಹದಿಂದ ಬಂದೋರು ಮನುಷ್ಯರೆಲ್ಲ ಟಿವಿ ಸುತ್ತ ಸತ್ತುಬಿದ್ದಿರೋದನ್ನ ನೋಡಿ ಕಾರಣ ಹುಡುಕ್ತಾರೆ, ಹಾಡು ಮುಗೀತು ಅನ್ನೋವಾಗ ರಾಝೆಲ್ ತಾತ ವಾಪಸ್ ಬರ್ತಾರೆ. ಫ್ರಾನ್ಸ್‌ನ ಅರಾಸ್‌ನಲ್ಲಿ, ದೇಹ ಸಿಗದೇ ಹೋದ ಸೈನಿಕರ ಸ್ಮಾರಕದ ಮೇಲೆ ಬಿಲ್ ಹಬ್ಬರ್ಡ್ ಹೆಸರು ನೋಡಿದೆ ಅಂತಾರೆ. ಅಲ್ಲಿ ತನಕ ಅವನು ಬರೀ ಕೆಟ್ಟ ಕನಸಾಗಿದ್ದ, ಹೆಸರು ನೋಡಿದ್ಮೇಲೆ ಮನುಷ್ಯ ಆದ, ನಾನು ಬೇರೆ ಏನಾದ್ರೂ ಮಾಡಬಹುದಿತ್ತಾ ಅನ್ನೋ ಕೊರಗು ಸ್ವಲ್ಪ ಹಗುರ ಆಯ್ತು ಅನ್ನೋ ಅರ್ಥದಲ್ಲಿ ಮಾತಾಡ್ತಾರೆ. ಯಾವಾಗ ನೋಡಿದ್ರಿ ಅಂತ ಒಂದು ಹೆಂಗಸಿನ ಧ್ವನಿ ಕೇಳುತ್ತೆ. ತಾತ ತಡವರಿಸ್ತಾರೆ, ನಂಗೆ 87 ಆಗಿದ್ದಾಗ, ಅಂದ್ರೆ ಅದು... 1984 ಅಂತಾರೆ. ಆಲ್ಬಮ್ ಮುಗಿಯುತ್ತೆ. ಹಬ್ಬರ್ಡ್ ಸತ್ತಿದ್ದು 1917ರಲ್ಲಿ. ಅರವತ್ತೇಳು ವರ್ಷ ಆ ಮನುಷ್ಯ ಅದನ್ನ ಹೊತ್ಕೊಂಡು ಓಡಾಡಿದಾರೆ.

ಇದು ವಾಟರ್ಸ್‌ಗೆ ಯಾಕೆ ಅಷ್ಟು ತಟ್ಟಿತು ಅಂತ ಯೋಚ್ನೆ ಮಾಡಿ. ಅವನ ಅಪ್ಪ ಎರಿಕ್ ಫ್ಲೆಚರ್ ವಾಟರ್ಸ್ ಕೂಡ ರಾಯಲ್ ಫ್ಯುಸಿಲಿಯರ್ಸ್‌ನವರೇ, 1944ರ ಫೆಬ್ರವರಿಯಲ್ಲಿ ಇಟಲಿಯ ಆನ್ಜಿಯೊದಲ್ಲಿ ತೀರ್ಕೊಂಡ್ರು, ಆಗ ಇವನು ಐದು ತಿಂಗಳ ಕೂಸು. ಅಪ್ಪನ ದೇಹ ಸಿಗ್ಲಿಲ್ಲ, ಕಸ್ಸೀನೊ ಸ್ಮಾರಕದ ಕಲ್ಲಿನ ಮೇಲೆ ಹೆಸರಿದೆ ಅಷ್ಟೇ. ‘ದ ವಾಲ್’ನಲ್ಲಿ, ‘ದ ಫೈನಲ್ ಕಟ್’ನಲ್ಲಿ ಅಪ್ಪನ ಸಾವಿನ ಬಗ್ಗೆ ಅವನೇ ಹಾಡಿದ, ಕೂಗಿದ, ಬೈದ. ಇಲ್ಲಿ ಕೊನೇಲಿ ತನ್ನ ಅಪ್ಪನ ಸುದ್ದಿ ಎತ್ತದೆ, ಇನ್ನೊಬ್ಬರಿಗೆ ಮೈಕ್ ಕೊಟ್ಟು ತಾನು ಸುಮ್ನಾಗಿದಾನೆ. ಅಷ್ಟು ಮಾತಾಡೋ ಮನುಷ್ಯ ಅಷ್ಟು ಮುಖ್ಯವಾದ ಜಾಗದಲ್ಲಿ ಬಾಯಿ ಮುಚ್ಕೊಂಡಿರೋದು ಅವನ ಇಡೀ ಕೆಲಸದಲ್ಲಿ ನಂಗೆ ಅತ್ಯಂತ ಇಷ್ಟವಾದ ನಿರ್ಧಾರ. ಎಲ್ಲಾ ಸಾವನ್ನೂ ಸ್ಕ್ರೀನ್ ಮೇಲೆ ಆಟ ಮಾಡಿ ತೋರಿಸಿದ ಒಂದು ಗಂಟೆ ಆದ್ಮೇಲೆ, ಒಂದೇ ಒಂದು ಸಾವು, ಒಂದೇ ಒಂದು ಹೆಸರು.

ಹಂಗಂತ ದೋಷ ಇಲ್ಲ ಅಂತ ಅಲ್ಲ. ‘ವಾಟ್ ಗಾಡ್ ವಾಂಟ್ಸ್’ ಮೂರು ಭಾಗ ಬೇಕಿರ್ಲಿಲ್ಲ, ಮೂರನೇದು ಬೆಕ್ ಗಿಟಾರ್‌ನಿಂದ ಬದುಕಿದೆ. ‘ತ್ರೀ ವಿಶಸ್’ ಎಳೆದಹಾಗಿದೆ. ಪ್ರವಚನ ಜಾಸ್ತಿ ಅನ್ನೋ ದೂರು 1992ರಲ್ಲೂ ಇತ್ತು, ಅದು ಸರಿಯಾದ ದೂರೇ. ಗಿಲ್ಮೋರ್ ಇದ್ದಿದ್ರೆ ಟ್ಯೂನ್ ಕಡೆ ಇನ್ನೂ ಗಮನ ಕೊಡಿಸ್ತಿದ್ದ ಅನ್ನೋ ಮಾತೂ ಕೇಳಿದೀನಿ, ಇರಬಹುದು, ಆದ್ರೆ ಗಿಲ್ಮೋರ್ ಜಾಗದಲ್ಲಿ ಜೆಫ್ ಬೆಕ್ ಇದಾನೆ ಅನ್ನೋದನ್ನ ಮರೀಬಾರ್ದು. ಬೆಕ್ ಬೆರಳಲ್ಲೇ ನುಡಿಸೋನು, ಸ್ವರನ ಬಗ್ಗಿಸಿ ಬಗ್ಗಿಸಿ ಅಳಿಸ್ತಾನೆ, ತಾತನ ಮಾತಿನ ಹಿಂದೆ ಅವನು ಬಾರಿಸಿರೋದು ಹಾಡುಗಾರಿಕೆನೇ. 2023ರಲ್ಲಿ ಬೆಕ್ ತೀರ್ಕೊಂಡಾಗ ಎಷ್ಟೋ ಜನ ಈ ಆಲ್ಬಮ್‌ಗೆ ವಾಪಸ್ ಬಂದ್ರು, ನಾನೂ ಅವತ್ತು ರಾತ್ರಿ ಇದನ್ನೇ ಹಾಕಿದ್ದು.

ಮರುಮೌಲ್ಯಮಾಪನ ಒಂದೇ ದಿನ ಆಗಿದ್ದಲ್ಲ. 1999ರಿಂದ ‘ಇನ್ ದ ಫ್ಲೆಶ್’ ಟೂರ್‌ನಲ್ಲಿ ವಾಟರ್ಸ್ ಫ್ಲಾಯ್ಡ್ ಹಾಡುಗಳ ಮಧ್ಯ ಇದರದ್ದೂ ಸೇರಿಸ್ತಾ ಬಂದ, 2000ದ ಲೈವ್ ಆಲ್ಬಮ್‌ನಲ್ಲೂ ಅವಿವೆ. ಅದೇ ಟೂರ್ 2002ರಲ್ಲಿ ನಮ್ಮ ಬೆಂಗ್ಳೂರಿನ ಪ್ಯಾಲೇಸ್ ಗ್ರೌಂಡ್ಸ್‌ಗೂ ಬಂದಿತ್ತು, ಇಲ್ಲಿನ ಹಳೇ ರಾಕ್ ಜನ ಇವತ್ತಿಗೂ ಅದರ ಸುದ್ದಿ ಎತ್ತಿದ್ರೆ ನಿಲ್ಸಲ್ಲ. ಆಮೇಲೆ 2015ರಲ್ಲಿ ಫ್ಲಾಯ್ಡ್‌ನ ಇಂಜಿನಿಯರ್ ಜೇಮ್ಸ್ ಗಥ್ರಿ ಪೂರ್ತಿ ರೀಮಿಕ್ಸ್ ಮಾಡಿದ, ಸ್ಟೀರಿಯೊ ಜೊತೆಗೆ ಸುತ್ತಲಿಂದ ಸದ್ದು ಬರೋ 5.1 ಸರೌಂಡ್, ಅದಕ್ಕೆ 2016ರಲ್ಲಿ ಗ್ರ್ಯಾಮಿ ಕೂಡ ಬಂತು. ಕವರ್‌ನಲ್ಲಿ ಟಿವಿ ನೋಡ್ತಾ ಕೂತಿದ್ದ ಕೋತಿ ಹೋಗಿ ಒಂದು ಮಗು ಬಂತು. ಡೈರೆಕ್ಟರ್ ಕೂಬ್ರಿಕ್‌ನ ‘2001: ಅ ಸ್ಪೇಸ್ ಒಡಿಸ್ಸಿ’ ಸಿನಿಮಾದ ಹ್ಯಾಲ್ ಕಂಪ್ಯೂಟರ್ ಧ್ವನಿ ಬಳಸೋಕೆ 1992ರಲ್ಲಿ ಕೂಬ್ರಿಕ್ ಪರ್ಮಿಶನ್ ಕೊಟ್ಟಿರ್ಲಿಲ್ಲ, ಆ ಸಿಟ್ಟಿಗೆ ವಾಟರ್ಸ್ ಆ ಜಾಗದಲ್ಲಿ ಉಲ್ಟಾ ರೆಕಾರ್ಡ್ ಮಾಡಿದ ಮಾತು ತುಂಬಿದ್ದ, 2015ರದ್ದರಲ್ಲಿ ಹ್ಯಾಲ್ ಬಂದ. ಹಳೇ ಮಿಕ್ಸೇ ಚೆಂದ ಅನ್ನೋರೂ ಇದಾರೆ, ನಂಗೆ ಹೊಸದು ಇಷ್ಟ, ಯಾಕಂದ್ರೆ ತಾತನ ಧ್ವನಿ ಇನ್ನೂ ಹತ್ರ ಅನ್ಸುತ್ತೆ.

ವಾಟರ್ಸ್ ಇತ್ತೀಚೆಗೆ ಆಡೋ ರಾಜಕೀಯದ ಮಾತುಗಳಿಂದ ಅವನ ಹಾಡೇ ಬೇಡ ಅನ್ನೋ ಫ್ಯಾನ್‌ಗಳಿದಾರೆ, ಅದು ಅವರವರ ಇಷ್ಟ, ಅದಕ್ಕೆ ನಾನು ವಾದ ಮಾಡಲ್ಲ. ರಾಝೆಲ್ ಮಾತನ್ನಾದ್ರೂ ಕೇಳಿ ಅಂತ ಅವರಿಗೂ ಹೇಳ್ತೀನಿ.

ನೀವು ಶುರು ಮಾಡೋದಾದ್ರೆ ದಯವಿಟ್ಟು ಫೋನ್ ಸ್ಪೀಕರ್‌ನಲ್ಲಿ ಬೇಡ, ಬ್ಲೂಟೂತ್ ಡಬ್ಬೀಲೂ ಬೇಡ. ಹೆಡ್‌ಫೋನ್‌ನಲ್ಲಿ ಕ್ಯೂಸೌಂಡ್ ಅಷ್ಟಾಗಿ ಕೆಲಸ ಮಾಡಲ್ಲ, ಅದು ಎರಡು ಸ್ಪೀಕರ್‌ಗೆ ಅಂತಾನೇ ಮಾಡಿದ್ದು. ಯಾರಾದ್ರೂ ಸ್ನೇಹಿತರ ಮನೇಲಿ ಒಳ್ಳೇ ಸ್ಟೀರಿಯೊ ಇದ್ರೆ 2015ರ ಎಡಿಶನ್ ಹಾಕ್ಸಿ, ಎರಡು ಸ್ಪೀಕರ್‌ಗೂ ಸಮ ದೂರದಲ್ಲಿ ಕೂತ್ಕೊಳಿ, ಲಿರಿಕ್ಸ್ ಕೈಲಿರ್ಲಿ. ಮಧ್ಯ ಬೇಜಾರಾದ್ರೆ ‘ತ್ರೀ ವಿಶಸ್’ ಸ್ಕಿಪ್ ಮಾಡಿದ್ರೂ ಪರ್ವಾಗಿಲ್ಲ. ‘ಇಟ್ಸ್ ಅ ಮಿರಾಕಲ್’ ಮತ್ತೆ ಅದರ ಮುಂದಿನ ಕೊನೇ ಹಾಡು ಮಾತ್ರ ಒಟ್ಟಿಗೇ ಕೇಳಿ, ಸುಮಾರು ಹದಿನೇಳು ನಿಮಿಷ ಆಗುತ್ತೆ, ಹಾಡು ನಿಂತಹಾಗೆ ಅನ್ಸಿದ ತಕ್ಷಣ ಎದ್ದು ಆಫ್ ಮಾಡ್ಬೇಡಿ.