ಹಳೇ ಚೀನಾದಲ್ಲಿ ಬಡವನ ಮಗನೂ ಪರೀಕ್ಷೆ ಬರೆದು ದೊಡ್ಡ ಅಧಿಕಾರಿ ಆಗಬಹುದಿತ್ತಾ?

ನಿಯಮದ ಪ್ರಕಾರ ಹೌದು. ಸುಯ್ ರಾಜವಂಶದ ಕಾಲದಲ್ಲಿ (581–618) ಶುರುವಾದ ಈ ಪರೀಕ್ಷೆ, ನಡುವೆ ಆಗಾಗ ನಿಂತರೂ, 1905ರವರೆಗೆ ನಡೆಯಿತು. ಮೋಸ ತಡೆಯೋ ಏರ್ಪಾಡಂತೂ ಭರ್ಜರಿ: ಸಾಂಗ್ ರಾಜವಂಶದ ಕಾಲದಿಂದ (960–1279) ಹೆಸರು ಮುಚ್ಚುತ್ತಿದ್ದರು, ಸಾಲದು ಅಂತ, ಕೈಬರಹದಿಂದಲೂ ಗುರುತು ಸಿಗಬಾರದೆಂದು ಗುಮಾಸ್ತರು ಇಡೀ ಉತ್ತರವನ್ನೇ ನಕಲು ಮಾಡಿ ಪರೀಕ್ಷಕರಿಗೆ ಕೊಡುತ್ತಿದ್ದರು. ಬರೆಯೋಕೆ ಒಬ್ಬೊಬ್ಬರಿಗೂ ಒಂದು ಪುಟ್ಟ ಗೂಡು, ಎರಡು ಹಲಗೆ. ಹಗಲು ಒಂದು ಮೇಜು, ಇನ್ನೊಂದು ಕೂರೋಕೆ. ರಾತ್ರಿ ಎರಡನ್ನೂ ಜೋಡಿಸಿದರೆ ಹಾಸಿಗೆ. ನಾನ್‌ಜಿಂಗ್‌ನಲ್ಲಿ ಇಂಥ 20,000ಕ್ಕೂ ಹೆಚ್ಚು ಗೂಡುಗಳಿದ್ದವು!

ಆದರೆ ಪರೀಕ್ಷೆಗೆ ಬೇಕಾದ, ಪ್ರಾಚೀನ ಚಿಂತಕ ಕನ್‌ಫ್ಯೂಷಿಯಸ್ ಪಂಥದ ಗ್ರಂಥಗಳನ್ನು ಬಾಯಿಪಾಠ ಮಾಡೋಕೆ ವರ್ಷಗಟ್ಟಲೆ ಬೇಕು. ಮಗನನ್ನು ಗದ್ದೆ ಕೆಲಸ ಬಿಡಿಸಿ ಓದಿಸೋ ತಾಕತ್ತು ಎಷ್ಟು ಮನೆಗಳಿಗಿತ್ತು? ಹಾಗಾಗಿ ಗೆದ್ದವರಲ್ಲಿ ಅನುಕೂಲಸ್ಥರ ಮಕ್ಕಳೇ ಜಾಸ್ತಿ. ಹೆಂಗಸರಿಗೆ ಅವಕಾಶವೇ ಇರಲಿಲ್ಲ ಬಿಡಿ. ಕೆಲವು ಕುಲದವರು ಮಾತ್ರ ಕುಲಕ್ಕೆಲ್ಲ ಸೇರಿದ ಜಮೀನಿನ ಆದಾಯದಲ್ಲಿ ತಮ್ಮವರ ಬಡ ಹುಡುಗರನ್ನು ಓದಿಸುತ್ತಿದ್ದರು.